ಶುಕ್ರವಾರದ ಸೂಜಿ

ಹೋಟೆಲಿನ ಫ್ರಿಜ್ಜಿನ ಮೇಲಿನ ಸಾಲಿನಲ್ಲಿ
ಕಾಯಿತುರಿಯ ಡಬ್ಬಿಗೂ ಬಂಗುಡೆಯ ತಟ್ಟೆಗೂ ನಡುವೆ
ಮಲಗಿದೆ ನನ್ನ ಪೆನ್ನು.
ಬರೆಯುವುದಲ್ಲ.
ಶಫೀಕುಲ್ ಒಮ್ಮೆ ಮುಚ್ಚಳ ತೆಗೆದು
ಬಿಲ್ಲಿನ ಬೆನ್ನಿಗೆ ಲೆಕ್ಕ ಗೀಚಲು ಹೋಗಿ
ಬೈಸಿಕೊಂಡಿದ್ದ.

ಶುಕ್ರವಾರ ಮಧ್ಯಾಹ್ನ ರೂವಿ ಬಾಗಿಲೆಳೆದುಕೊಂಡು
ಮಸೀದಿಯ ಮೆಟ್ಟಿಲು ಚಪ್ಪಲಿಗಳಿಂದ ತುಂಬುವ ಹೊತ್ತು
ಒಲೆ ಆರಿಸುತ್ತೇನೆ. ಅಂಗಿ ಎತ್ತಿ
ಹೊಕ್ಕುಳಿಂದ ನಾಲ್ಕು ಬೆರಳಾಚೆ ಚುಚ್ಚಿ
ಹತ್ತು ಎಣಿಸುತ್ತೇನೆ.
ಲಿಸಮ್ಮ ಸಿಸ್ಟರ್ ಹೇಳಿಕೊಟ್ಟದ್ದು ಹಾಗೆ.

ಇದಕ್ಕೆ ಮುಂಚೆ ಏನೇನು ನುಂಗಿಲ್ಲ!
ಜೀರಿಗೆ ನೀರು, ಸೇಬಿನ ವಿನೆಗರ್,
ಅಲ್ ಖುವೈರಿನ ಜಿಮ್ ಹುಡುಗ ಕೊಟ್ಟ ಹಸಿರು ಪುಡಿ,
ಮೂರು ದಿನ ಎದೆ ಡಬಡಬ.
ಆಮೇಲೆ ಹನ್ನೆರಡು ರಿಯಾಲಿನ ಬಾಟಲಿ:
ಕೊಬ್ಬು ಕರಗುತ್ತದೆ, ಹಸಿವು ಅಡಗುತ್ತದೆ.
ಮೇಲಿನ ಚಿತ್ರ ನೋಡಿ ನಗು ಬಂತು.
ಪುಟ್ಟ ಕುಂಬಳದ ಹಾಗೆ ಗೀರು ಗೀರಾದ ಹಳದಿ ಹಣ್ಣು.
ಎಲಾ, ಉಪ್ಪಾಗೆ!

ಬೈಂದೂರಿನ ಅಡುಗೆಮನೆಯಲ್ಲಿ ಅಬ್ಬಿ
ಹೊಗೆಗೆ ಒಣಗಿ ಕಪ್ಪಾದ ಉಪ್ಪಾಗೆ ಸಿಪ್ಪೆಯ ಭರಣಿಯನ್ನು
ಅಟ್ಟದ ಮೇಲೆ ಬಚ್ಚಿಡುತ್ತಿದ್ದಳು.
‘ಮೀನಿಗ್ ಇದ್ ಹಾಕಿರೆ
ಐದ್ ಜನದ್ ಅನ್ನ ಇವ ಒಬ್ನೇ ಉಂತ.’
ಆ ಹುಳಿಗೇ ಇಲ್ಲಿ ಹಸಿವು ಅಡಗುವುದಂತೆ.
ಒಂದು ಕ್ಯಾಪ್ಸೂಲ್ ಒಡೆದು ನಾಲಿಗೆಗಿಟ್ಟುಕೊಂಡೆ.
ಹುಳಿಯೇ ಇಲ್ಲ, ಸುಣ್ಣದ ರುಚಿ.
ಬಾಟಲಿ ಮುಗಿಸಿದೆ, ದುಡ್ಡು ಕೊಟ್ಟಾಗಿತ್ತಲ್ಲ.
ಎರಡು ಕಿಲೋ ಏರಿದೆ.

ತೂಕದ ಯಂತ್ರ ನೂರಾ ಹದಿನಾರು ಅಂದಾಗ
ಮನಸ್ಸು ತಾನೇ ಲೆಕ್ಕ ಹಾಕಿತು:
ಎರಡು ಮೂಟೆ ಕುಚ್ಚಲಕ್ಕಿ, ಮೇಲೆ ಹದಿನಾರು.
ಡಾಕ್ಟರ್ ಸಲ್ಮಾ ನನ್ನ ಮಂಡಿ ಒತ್ತಿ ನೋಡಿ
ಹರಕು ಹಿಂದಿಯಲ್ಲಿ ಅಂದರು,
‘ಇದು ಕಾಯಿಲೆ, ಗುನಾ ಅಲ್ಲ.’
ಐವತ್ತು ವರ್ಷದಲ್ಲಿ ಯಾರೂ ಹಾಗಂದಿರಲಿಲ್ಲ.
ಎಲ್ಲರೂ ಅಂದದ್ದು ಬಾಯಿ ಕಟ್ಟು, ಬಾಯಿ ಕಟ್ಟು.
ಕಣ ತುಳಿಯುವ ಎತ್ತಿಗಾದರೂ
ಸಂಜೆಗೆ ಕುಕ್ಕೆ ಬಿಚ್ಚುತ್ತಾರೆ.

ಈಗ ನಾಲ್ಕು ತಿಂಗಳು. ಹದಿನೇಳು ಕಿಲೋ ಹೋಗಿದೆ.
ಮೊಳೆ ಕಾಯಿಸಿ ಬೆಲ್ಟಿಗೆ ಎರಡು ತೂತು.
ಸಂಬಳದ ಕಾಲು ಭಾಗವೂ ಹೋಗಿದೆ.
ತಲೆಯೊಳಗೆ ಹಗಲಿರುಳು ತಟ್ಟೆ ಬಡಿಯುತ್ತಿದ್ದವನೊಬ್ಬ
ಹೇಳದೆ ಕೇಳದೆ ಎದ್ದು ಹೋಗಿದ್ದಾನೆ.
ಎಷ್ಟು ನಿಶ್ಶಬ್ದ ಅಂದರೆ
ಫ್ರಿಜ್ಜಿನ ಗುಂಯ್ ಕೇಳಿಸುತ್ತದೆ.

ಆದರೆ ನಾನು ಅಡುಗೆಯವನು.
ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ.
ಸೌಟಿನಿಂದ ಅಂಗೈಗೆ ಬಿಟ್ಟು ನೆಕ್ಕಿದರೆ
ಉಪ್ಪು ಗೊತ್ತಾಗುತ್ತದೆ,
ಸಾಕೋ ಬೇಕೋ ಗೊತ್ತಾಗುವುದಿಲ್ಲ.
ಅದು ಹಸಿದವನಿಗಷ್ಟೇ ಗೊತ್ತೇನೋ.
ಶಫೀಕುಲನ ನಾಲಿಗೆ ಸಾಲ ತೆಗೆದುಕೊಂಡಿದ್ದೇನೆ.
ಅವನು ತಲೆಯಾಡಿಸಿದರೆ ಸಾರು ಹೊರಗೆ ಹೋಗುತ್ತದೆ.

ಈದಿಗೆ ಸಯೀದ್ ಬಿನ್ ನಾಸರ್ ಹಲ್ವಾ ತಂದರು,
ಕೇಸರಿ, ತುಪ್ಪ, ಇನ್ನೂ ಬಿಸಿ.
ಒಂದು ಬೆರಳು ಮುಟ್ಟಿಸಿ ತಟ್ಟೆ ಸರಿಸಿದೆ.
‘ನನ್ನ ಮೇಲೆ ಕೋಪವೇ, ಉಸ್ತಾದ್?’
ಏನು ಹೇಳಲಿ, ಯಾವ ಭಾಷೆಯಲ್ಲಿ.

ನಾಳೆ ಶಫೀಕುಲ್ ಚಿತ್ತಗಾಂಗಿಗೆ ಹೊರಡುತ್ತಾನೆ,
ಮೂರು ವರ್ಷದ ಮೇಲೆ ರಜೆ.
ಇವತ್ತು ಶುಕ್ರವಾರ. ಪೆನ್ನು ತೆಗೆಯಲಿಲ್ಲ.
ಒಂದು ದಿನ ತಡವಾದರೆ ಅಡ್ಡಿಯಿಲ್ಲ ಎಂದಿದ್ದಾಳೆ ಲಿಸಮ್ಮ.
ಮತ್ರಾದ ಮಾರುಕಟ್ಟೆಯಿಂದ ಅಂಜಲ್,
ತಂಗಿ ಕಳಿಸಿದ ಪೊಟ್ಟಣದಿಂದ ಉಪ್ಪಾಗೆ,
ಬಾಟಲಿಯದಲ್ಲ, ಹೊಗೆ ವಾಸನೆಯದು.
ಕುದಿ ಬಂದಾಗ ಎಲ್ಲೋ ಹಿಂಬಾಗಿಲ ಹತ್ತಿರ
ಬೆಕ್ಕಿನ ಹಾಗೆ ಸಣ್ಣಗೆ ಕೂಗಿತು ಹಳೆಯದೊಂದು.
ಅಂಗೈ ನೆಕ್ಕಿದೆ.
ಚಿಟಿಕೆ ಕಮ್ಮಿ.
ಹಾಕಿದೆ.

ಶಫೀಕುಲ್ ಅಭ್ಯಾಸಬಲದಿಂದ ಸೌಟಿಗೆ ಕೈ ಚಾಚಿದ.
ಬೇಡ, ಇವತ್ತು ಕೂತು ಉಣ್ಣು ಅಂದೆ.
ಎದುರಿಗೆ ಸ್ಟೂಲು ಎಳೆದು ನೋಡುತ್ತಾ ಕೂತೆ.
ತೆಳ್ಳಗಿನ ಹುಡುಗ, ತಲೆ ಎತ್ತಲಿಲ್ಲ,
ಐದು ಜನರ ಅನ್ನ ಉಂಡ.