ಸಂದಿ

ಗುಡಿಬಂಡೆ ಕೋಟೆಯ ಮೂರನೇ ಸುತ್ತು.
ಗಾರೆ ಸಂದಿಯ ಗಿಡ ಕೀಳಲು
ಮೀಟರಿಗಿಷ್ಟು ಎಂದು ಮಾತಾಡಿ
ಹನ್ನೊಂದು ಜನ ಹತ್ತಿದ್ದೇವೆ,
ಕೈಯಲ್ಲಿ ಉಳಿ, ಹೆಗಲಿಗೆ ಸಿಮೆಂಟು ಚೀಲ.

ಅರಳಿಯ ಬೇರು ಮೊಂಡು, ಗರಗಸ ಬೇಕು.
ಹಾವಸೆ ಉಜ್ಜಿದರೆ ಪುಡಿ.
ಆಮೇಲೆ ಇದು:
ಬೆರಳುದ್ದ ಕಡ್ಡಿ, ತುದಿಗೆ ಬಿಚ್ಚಿದ ಬೀಸಣಿಗೆ,
ಹೂವಿಲ್ಲ, ಕಾಯಿಲ್ಲ, ಬೀಜ ಕಂಡವರಿಲ್ಲ.
ಇಂಜಿನಿಯರರ ಪಟ್ಟಿಯಲ್ಲಿ 'ಇತರೆ ಕಳೆ'.
ನಮ್ಮ ಬಾಯಲ್ಲಿ ನವಿಲುಜುಟ್ಟು.
ಬಯ್ಯಕ್ಕ ಮಾತ್ರ ಗಂಡನ ಹೆಸರು ಹೇಳದ ಹಾಗೆ
'ಅದು' ಎನ್ನುತ್ತಾಳೆ, ಅಷ್ಟೆ.

ನನ್ನ ಎರಡನೆಯದು ಹುಟ್ಟಿದ ವಾರ
ಕೆಂಪು ನಿಲ್ಲಲೇ ಇಲ್ಲ,
ಚಾಪೆ ಮೂರು ಸಲ ತೊಳೆದರು ನಮ್ಮತ್ತೆ.
ಆಂಬುಲೆನ್ಸು ಬರೋದರೊಳಗೆ ಬಯ್ಯಕ್ಕ ಬಂದಳು,
ಸೆರಗಿನ ಗಂಟಲ್ಲಿ ಮೂರೇ ಮೂರು ಕಡ್ಡಿ.
ಅರೆದು, ಹುಳಿಮಜ್ಜಿಗೆಗೆ ಕದಡಿ ಕುಡಿಸಿದಳು.
ಕಹಿಯಲ್ಲ. ಮಳೆ ಬಿದ್ದ ಕಲ್ಲಿನ ವಾಸನೆ.
ಆಂಬುಲೆನ್ಸೂ ಬಂತು, ಸೂಜಿಯೂ ಬಿತ್ತು.
ಯಾವುದು ನಿಲ್ಲಿಸಿತೋ ನಾನು ಹೇಳಲಾರೆ.
ಡಾಕ್ಟರಮ್ಮ ಸೂಜಿ ಅಂದರು.
ಬಯ್ಯಕ್ಕ ಏನೂ ಅನ್ನಲಿಲ್ಲ,
ಖಾಲಿ ಚೆಂಬು ಬೋರಲು ಹಾಕಿ ಹೋಗಿದ್ದಳು.

ನಾಯಿಕೆಮ್ಮಿಗೆ ಮೆಣಸಿನ ಜೊತೆ, ಆಡಿನ ಹಾಲಲ್ಲಿ.
ಹೊಟ್ಟೆಹುಳಕ್ಕೆ ನೆರಳಲ್ಲಿ ಒಣಗಿಸಿದ್ದು.
ಗಂಗುಲಪ್ಪನ ಮಗುವಿಗೂ ಕೊಟ್ಟಿದ್ದಳು. ಉಳಿಯಲಿಲ್ಲ.
ಆ ವರ್ಷ ಬೆಟ್ಟ ಹತ್ತಲೇ ಇಲ್ಲ ಅವಳು.
ಕೇಳಿದರೆ, 'ಸೊಪ್ಪಿಗೆ ಗೊತ್ತಿರೋದು ಅಷ್ಟೇ ಕಣೆ,
ಮಿಕ್ಕಿದ್ದನ್ನ ನಾವು ಸೇರಿಸಿಕೊಂಡಿರ್ತೀವಿ.'

ಅವಳ ಕಟ್ಟಳೆ:
ಉಗುರಲ್ಲಿ ಚಿವುಟು, ಬೇರು ಮುಟ್ಟಬೇಡ,
ಮೂರು ತೆಗೆದರೆ ಐದು ಬಿಡು,
ನಿನ್ನ ನೆರಳು ಅದರ ಮೇಲೆ ಬಿದ್ದರೆ ಸರಿದು ನಿಲ್ಲು.
ನಾನು ಉಳಿ ಹಾಕಿ ಬುಡಸಮೇತ ಎತ್ತುತ್ತಿದ್ದೇನೆ.
ಮಧ್ಯಾಹ್ನಕ್ಕೆ ಚೀಲ ಅರ್ಧ.

ಬುತ್ತಿ ಬಿಚ್ಚುವ ಹೊತ್ತಿಗೆ ಬಂದಳು,
ಮೆಟ್ಟಿಲಿಗೊಂದು ಉಸಿರು ಇಟ್ಟು.
ಚೀಲದ ಬಾಯಿ ಅಗಲಿಸಿ ನೋಡಿದಳು.
ಬೈಯುತ್ತಾಳೆಂದು ತಲೆ ತಗ್ಗಿಸಿದೆ.
'ಅಬ್ಬಾ,' ಅಂದಳು,
'ಇಷ್ಟೊಂದು ಕೆಮ್ಮು ನಮ್ಮೂರಲ್ಲಿ ಇಲ್ವಲ್ಲೇ.'
ಮೂರು ಕಡ್ಡಿ ಗಂಟು ಹಾಕಿಕೊಂಡು,
ನನ್ನ ಬುತ್ತಿಯ ಹುರುಳಿ ಉಸಲಿ ಒಂದು ಹಿಡಿ ತಿಂದು
ಇಳಿದು ಹೋದಳು.

ಗೋಡೆಗೂ ಕಾಯಿಲೆಯಂತೆ, ಬೇರು ಗಾರೆ ತಿನ್ನುತ್ತಂತೆ.
ಇರಬಹುದು. ಮೇಸ್ತ್ರಿ ಖಲಂದರ್ ಸುಳ್ಳು ಹೇಳುವವನಲ್ಲ.

ಸಂಜೆ ಅಳತೆ.
ಟೇಪಿನ ಆ ತುದಿ ಅವನು, ಈ ತುದಿ ನಾನು.
ಬುರುಜಿನ ಮೂಲೆ, ನನ್ನ ಅಂಗೈ ಕೆಳಗೆ
ಒಂದು ಸಂದಿ,
ಬಿಸಿಲಿಗೆ ಮುಷ್ಟಿ ಕಟ್ಟಿಕೊಂಡ ಎಂಟು ಕಡ್ಡಿ.
'ಹದಿನಾಲ್ಕು,' ಎಂದು ಓದಿದ. 'ಪೂರ್ತಿನಾ?'
'ಪೂರ್ತಿ,' ಅಂದೆ.
ಬರೆದುಕೊಂಡು ಟೇಪು ಸುತ್ತಿದ.
ಕೈ ತೆಗೆಯಲು ನಾನು ಸ್ವಲ್ಪ ತಡ ಮಾಡಿದೆ.