ಇಪ್ಪತ್ತೊಂಬತ್ತು ನಿಮಿಷ

ಮತ್ತೆ ಹೊತ್ತಿಕೊಂಡಿತು ಅದೇ ಹಳದಿ ದೀಪ.
ವಿನಿಪೆಗ್ಗಿನಲ್ಲಿ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಬಿಟ್ಟ ಉಸಿರು ಮೀಸೆಯಲ್ಲೇ ಗಟ್ಟಿಯಾಗುವ ಬೆಳಗು.

ಹೋದ ಸಲ ಗ್ಯಾರೇಜಿನ ಡ್ವೈಟ್
ಈ ದೀಪದ ಅರ್ಥ ಹೇಳಲಿಕ್ಕೇ
ನೂರಿಪ್ಪತ್ತು ಡಾಲರ್ ಕಿತ್ತಿದ್ದ.
ಅರ್ಥವೇನು? ಪೆಟ್ರೋಲ್ ಮುಚ್ಚಳ ಸಡಿಲ!
ಅವತ್ತೇ ಕೊಂಡೆ ಇಪ್ಪತ್ತೆರಡು ಡಾಲರಿನ ಈ ಯಂತ್ರ.
ಸ್ಟೀರಿಂಗಿನ ಕೆಳಗೆ, ಮೊಣಕಾಲು ತಗಲುವಲ್ಲಿ,
ಹದಿನಾರು ತೂತಿನ ಒಂದು ಬಾಯಿ.
ಕೈಗವಸು ಕಳಚಿ, ತಡಕಿ, ಚುಚ್ಚುತ್ತೇನೆ.

ಓರಿಸ್ಯಾ ನಗುತ್ತಾಳೆ: ಬಂದ ನೋಡು ವೈದ್ಯ,
ಗಡಿಯಾರ ಬಿಚ್ಚಿ ಮೂರು ತಿರುಪು ಉಳಿಸಿದವನು.
ನಗಲಿ. ಈ ಬೀದಿಯ ಅರ್ಧ ಕಾರುಗಳ
ನಾಡಿ ಹಿಡಿದ ಕೈ ಇದು.
ಎದುರುಮನೆಯ ರೊಡೆಲ್‌ನ ವ್ಯಾನು ಕೂಡ.
ಫೀಸು ಒಂದು ತಟ್ಟೆ ಶ್ಯಾವಿಗೆ,
ಮೇಲೆ ಹಿಂಡಿಕೊಳ್ಳಲು ನಿಂಬೆಹೋಳು.

ಪರದೆ ಹೇಳಿತು: ಪಿ ಸೊನ್ನೆ ಮೂರು ಸೊನ್ನೆ ಎರಡು.
ಎರಡನೇ ಸಿಲಿಂಡರು ಕಿಡಿ ತಪ್ಪುತ್ತಿದೆ.
ಗೊತ್ತಿದ್ದದ್ದೇ, ಕಾಯಿಲಿಗೆ ವಯಸ್ಸಾಯಿತು.
ಅಲ್ಲಿಗೇ ಬಿಡಬೇಕಿತ್ತು.
ಬೆರಳು ಸುಮ್ಮನಿರಲಿಲ್ಲ.

ತಪ್ಪು ಕಂಡ ಗಳಿಗೆಯನ್ನು ಎಂಜಿನ್ನು
ಉಪ್ಪು ಹಾಕಿಟ್ಟ ಹಾಗೆ, ಕೆಡದಂತೆ, ಎತ್ತಿಡುತ್ತದೆ:
ನೀರಿನ ಬಿಸಿ ಎಂಬತ್ತೊಂಬತ್ತು.
ಸುತ್ತು ನಿಮಿಷಕ್ಕೆ ಏಳುನೂರು.
ಚಾಲೂ ಆಗಿ ಎರಡು ಸಾವಿರದ ಎಂಟುನೂರ ಇಪ್ಪತ್ತು ಸೆಕೆಂಡು.
ವೇಗ ಸೊನ್ನೆ.

ನಲವತ್ತೇಳು ನಿಮಿಷ.
ಆಸ್ಪತ್ರೆಯಿಂದ ಮನೆಗೆ ಹನ್ನೆರಡು,
ಹಿಮ ಬಿದ್ದರೆ ಹದಿನೆಂಟು.
ಬೆರಳು ಮಡಚಿ ಎಣಿಸಿದೆ, ಮಗ್ಗಿ ಮರೆತ ಹುಡುಗನ ಹಾಗೆ.
ಸಿಗ್ನಲ್ಲಿನಲ್ಲಿ ನಿಂತಿದ್ದಳೋ ಏನೋ.
ಯಾವ ಸಿಗ್ನಲ್ಲು ಇಪ್ಪತ್ತೊಂಬತ್ತು ನಿಮಿಷ
ಕೆಂಪಗಿರುತ್ತದೆ?

ಆಗ ನೆನಪಾಯಿತು ಮಂಗಳವಾರ.
ಬಂದವಳೇ ತಣ್ಣನೆ ಅಂಗೈಯನ್ನು
ನನ್ನ ಕತ್ತಿಗೊತ್ತಿ ಹೆದರಿಸುವುದು ಅವಳ ವಾಡಿಕೆ.
ಅವತ್ತೂ ಒತ್ತಿದಳು.
ಕೈ ಬೆಚ್ಚಗಿತ್ತು.
ಹೊರಗಿಂದ ಬಂದವಳ ಕೈಯಲ್ಲ ಅದು ಅನ್ನಿಸಿತ್ತು,
ಅನ್ನಿಸಿದ್ದನ್ನು ಸೂಪಿನ ಜೊತೆ ನುಂಗಿದ್ದೆ.
ನಮ್ಮ ಮನೆ ಮುಂದೆಯೇ ಕೂತಿದ್ದಳೋ, ನದಿಯ ಹತ್ತಿರವೋ,
ಯಾರಾದರೂ ಹಾಸಿಗೆ ಖಾಲಿ ಮಾಡಿ ಹೋಗಿದ್ದರೋ ಆ ಪಾಳಿಯಲ್ಲಿ,
ಅಥವಾ ಸುಮ್ಮನೆ,
ಯಾರೂ ಏನೂ ಕೇಳದ ಒಂದು ಜಾಗ ಬೇಕಾಗಿತ್ತೋ.
ಅದಕ್ಕೆ ಸಂಖ್ಯೆ ಇಲ್ಲ.

ಕಾಯಿಲ್ ಬದಲಿಸಿದೆ. ಬೆರಳ ತುದಿಯ ಚರ್ಮ
ಕಬ್ಬಿಣಕ್ಕೆ ಅಂಟಿ ಒಂಚೂರು ಅಲ್ಲೇ ಉಳಿಯಿತು.
ಯಂತ್ರ ಕೇಳಿತು: ಅಳಿಸಲೇ?
ಒಂದು ಗಳಿಗೆ ತಡೆದು, ಒತ್ತಿದೆ.
ಹೋಯಿತು ಎಲ್ಲ, ಬಿಸಿ, ಸುತ್ತು, ಸೆಕೆಂಡು, ಆ ಸೊನ್ನೆ.
ಇನ್ನು ನೂರಾರು ಕಿಲೋಮೀಟರು
ಎಂಜಿನ್ನು ತನ್ನನ್ನು ತಾನೇ ಹೊಸದಾಗಿ ಕಲಿಯಬೇಕು.
ಅಲ್ಲಿಯವರೆಗೆ ಏನು ಕೇಳಿದರೂ
ಇನ್ನೂ ಸಿದ್ಧವಿಲ್ಲ ಅನ್ನುತ್ತದೆ ಪರದೆ.
ಅದೂ ನ್ಯಾಯವೇ.

ಬಂಕಿಗೆ ಹೋಗಿ ಬಂದು,
ಕೀಲಿ ಮೊಳೆಗೆ ಸಿಕ್ಕಿಸಿದೆ.
ಏನಾಗಿತ್ತಂತೆ? ಅಂದಳು, ಚಹಾ ಕಲಕುತ್ತ.
ಏನಿಲ್ಲ, ಕಿಡಿ.
ಟ್ಯಾಂಕು ಕಂಠಮಟ್ಟ ತುಂಬಿದೆ, ಅಂದೆ,
ರಾತ್ರಿಯಿಡೀ ನಿಂತಲ್ಲೇ ಹೀಟರ್ ಹಾಕಿದರೂ ಸಾಲುತ್ತದೆ.

ಚಮಚ ನಿಂತಿತು.