ಆರು ಚುಕ್ಕೆಗೆರೆ

ಪರೇಲಿನ ಗಾಜಿನ ಕಟ್ಟಡ, ಹದಿನಾಲ್ಕನೇ ಮಹಡಿ.
ತರಬೇತಿಗೆ ಬಂದ ಹುಡುಗ ಹಾಳೆ ಹಂಚಿದ:
ನಿಮ್ಮ ಬದುಕಿನ ಉದ್ದೇಶವೇನು?
ಕೆಳಗೆ ಆರು ಚುಕ್ಕೆಗೆರೆ.
ಹತ್ತು ನಿಮಿಷ, ಅಂದ. ಗಡಿಯಾರ ನೋಡಿಕೊಂಡ.

ಪಕ್ಕದ ಫಿಲೋಮಿನಾ ತಡಮಾಡಲಿಲ್ಲ:
ಮಂಡಿನೋವಿಲ್ಲದೆ ವಸಯಿ ಮುಟ್ಟುವುದು.
ಅವಳಿಗೆ ಐದು ಗೆರೆ ಮಿಕ್ಕವು.
ನನಗೆ ಆರೂ.

ಹತ್ತೊಂಬತ್ತು ವರ್ಷ ವಿಮೆಯ ಕ್ಲೇಮು ವಿಭಾಗದಲ್ಲಿ
ಪ್ರಶ್ನೆ ಕೇಳಿಯೇ ಅನ್ನ ಉಂಡವಳು ನಾನು.
ಬಿದ್ದಾಗ ಮೊದಲು ಜಾರಿದ್ದು ಎಡಗಾಲೋ ಬಲಗಾಲೋ,
ಬೆಂಕಿ ಹತ್ತಿದಾಗ ಶಟರು ಎಷ್ಟು ಎತ್ತರಕ್ಕಿತ್ತು.
'ಏನಾಯಿತು' ಅಂದರೆ ಜನ ಅಳುತ್ತಾರೆ.
'ಆಗ ಕೈಯಲ್ಲಿ ಏನಿತ್ತು' ಅಂದರೆ ಹೇಳುತ್ತಾರೆ.
ಇಷ್ಟು ಗೊತ್ತಿದ್ದೂ ನನ್ನನ್ನು ನಾನು
ಅಪ್ಪ ಕೇಳುತ್ತಿದ್ದ ಹಾಗೆಯೇ ಕೇಳುತ್ತ ಬಂದೆ:
ಮುಂದೇನು?
ಹತ್ತನೇ ಕ್ಲಾಸಿನ ಮಾರ್ಕುಕಾರ್ಡಿನ ಮೇಲೆ ಬೆರಳಿಟ್ಟು
ಅವರು ಕೇಳಿದ್ದು. ಬೆರಳು ಇನ್ನೂ ಅಲ್ಲೇ ಇದೆ.

ಸಂಜೆ ವಿಕ್ರೋಲಿಯಲ್ಲಿ ಇಳಿದೆ.
ನಮ್ಮ ಸಂಘದ ಕೋಣೆಗೆ ಹೊಸ ಬಣ್ಣ, ಹೊಸ ಫಲಕ.
ಬಿದಿರೇಣಿಯ ಮೇಲೆ ಪೇಡ್ನೇಕರ್ ಕಾಕಾ.
ಕನ್ನಡದ ಒಂದಕ್ಷರ ಬಾರದ ಕೈ
ಚೀಟಿಯಲ್ಲಿದ್ದದ್ದನ್ನು ತಗಡಿಗೆ ಇಳಿಸುತ್ತಿತ್ತು.
ಒಂದು ಗೆರೆ ಕೂಡಬೇಕಾದಲ್ಲಿ ಕೂಡದೆ
ವಾಚನಾಲಯ ಹೋಗಿ ಪಾಚನಾಲಯ.

ಓದುವ ಮನೆ, ಅರಗಿಸುವ ಮನೆ.
ನಕ್ಕು ಮುಂದೆ ಹೋಗಬಹುದಿತ್ತು.
ಕಾರ್ಯದರ್ಶಿ ಹೋಗಿದ್ದರು, ದುಡ್ಡನ್ನೂ ಕೊಟ್ಟು.
ನನ್ನ ಅಂಗೈ ತುರಿಸಿತು.
'ಕಾಕಾ, ಚುಕ್ಲಂ!'
ವಡಾಪಾವಿನವನು ಜಾರಿ ಎತ್ತಿ ಹಿಡಿದು ನೋಡುವಷ್ಟು ಜೋರಾಗಿ.

ಅವರು ಇಳಿದರು, ಒಂದೊಂದೇ ಮೆಟ್ಟಿಲು.
ಕನ್ನಡಕ ಹಣೆಗೇರಿಸಿದರು.
ಎಲ್ಲಿ ತಪ್ಪಿತು ಎಂದು ಕೇಳಲಿಲ್ಲ. ಕೇಳಿದ್ದು:
ಇಂಥವು ಇನ್ನೆಲ್ಲೆಲ್ಲಿ ನೋಡಿದ್ದೀ?

ಅಷ್ಟೇ. ಕಟ್ಟೆ ಒಡೆಯಿತು.
ಭಾಂಡುಪಿನ ಶನಿಗುಡಿಯಲ್ಲಿ ಳಕಾರದ ಸುರುಳಿ ತಿರುಗುವುದೇ ಇಲ್ಲ,
ಸಾಯನ್ನಿನ ಮದುವೆ ಹಾಲಿನಲ್ಲಿ ಒತ್ತಕ್ಷರ
ಚಪ್ಪಲಿಗಂಟಿದ ಚ್ಯೂಯಿಂಗ್ ಗಮ್ಮಿನ ಹಾಗೆ,
ಸೊಲ್ಲಾಪುರದ ದಾರಿಯಲ್ಲೊಂದು ಮೈಲಿಗಲ್ಲು,
ಏತ್ವ ಬಾಗಿ ಬಾಗಿ ಊರ ಹೆಸರೇ ಕೆಳಗೆ ಬಿದ್ದಿದೆ,
ಮುಲುಂಡಿನ ಖಾನಾವಳಿಯ 'ಊಟ' ಇದೆಯಲ್ಲ, ಅದರ ಊ
ಉಂಡು ಕಾಲು ಚಾಚಿ ಕೂತವರ ಹಾಗೆ,
ಅದು ತಪ್ಪಲ್ಲ ಕಾಕಾ, ಅದು ಎಷ್ಟು ಚಂದ ಅಂದರೆ
ಅದನ್ನು ನೋಡಲೆಂದೇ ನಾನು ತಿಂಗಳಿಗೊಮ್ಮೆ
ನಾಲ್ಕು ಸ್ಟೇಷನ್ನು ಮುಂದೆ ಹೋಗಿ ವಾಪಸು

ಅಲ್ಲಿಗೆ ನಿಂತೆ.
ಹಾಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿಲ್ಲ.
ನನಗೂ ಹೇಳಿಕೊಂಡಿರಲಿಲ್ಲ.

ಯಾರಿಗೂ ಹೇಳಿಲ್ಲವಾ? ಕಾಕಾ ಅಂದರು.
ಯಾರೂ ಕೇಳಿಲ್ಲ, ಅಂದೆ.

ಕುಂಚ ಕೊಡಲಿಲ್ಲ. ಎಪ್ಪತ್ತರ ಕೈ ಅಷ್ಟು ಉದಾರಿಯಲ್ಲ.
ಸೀಮೆಸುಣ್ಣದ ಚೂರು ಕೊಟ್ಟರು.
ಗೋಡೆಯ ಮೇಲೆ ಒಂದು ವ ಬರೆದೆ.
ತಲೆ ಓರೆ ಮಾಡಿ ನೋಡಿ, 'ಹೊಟ್ಟೆ ಸಣ್ಣದಾಯಿತು' ಅಂದರು.
ಓದಲು ಬಾರದ ಅಕ್ಷರದ ಹೊಟ್ಟೆ!
ಭಾನುವಾರ ಬಾ, ಏಣಿ ಹಿಡಿಯಲು ಜನ ಬೇಕು.

ಆಫೀಸಿನಿಂದ ಎರಡು ಮೇಲ್ ಬಂದಿವೆ,
ನಿಮ್ಮ ಹಾಳೆ ಇನ್ನೂ ತಲುಪಿಲ್ಲವೆಂದು.
ಕೊಡುವುದು ಹೇಗೆ?
ಕಾಪಿ ಬರೆಯಲು ಆ ಚುಕ್ಕೆಗೆರೆ ಎಷ್ಟು ಅನುಕೂಲ.
ಸಾಲಿಗೆ ಒಂಬತ್ತರಂತೆ
ವ ವ ವ ವ, ಆರೂ ಗೆರೆ ತುಂಬಿದೆ.
ನಾಲ್ಕನೇ ಸಾಲಿನ ಕೊನೆಯದೊಂದು
ಬಾಯಿ ಬಿಟ್ಟುಕೊಂಡು ಪ ಆಗಿಬಿಟ್ಟಿದೆ.
ಅಳಿಸಿಲ್ಲ.